ಮೈತುಂಬಿದ ಹಸು ಪಾಸಿಟಿವ್, ಸೊರಗಿದ ಹಸು ನೆಗೆಟಿವ್: ಇದು ಹೇಗೆ?

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ಹನ್ನೆರಡು ಹಸುಗಳಿವೆ. ಕ್ಷಯದ ಚರ್ಮ ಪರೀಕ್ಷೆ ಮಾಡಿಸಿದೆವು. ಚೆನ್ನಾಗಿ ಹಾಲು ಕೊಡುತ್ತಾ ಮೈತುಂಬಿಕೊಂಡಿರುವ ಕಪ್ಪು ಹಸು ಪಾಸಿಟಿವ್ ಬಂತು. ಅದರ ಕತ್ತಿನಲ್ಲಿ ಮೇಲಿನ ಜಾಗ 3 ಮಿ.ಮೀ., ಕೆಳಗಿನ ಜಾಗ 14 ಮಿ.ಮೀ. ಊದಿತ್ತು. ಎಂಟು ತಿಂಗಳಿಂದ ಸೊರಗುತ್ತಾ ನೀರುನೀರಾಗಿ ಸಗಣಿ ಹಾಕುತ್ತಿರುವ ಕೆಂಪು ಹಸುವಿಗೆ ಮೇಲೆ 9, ಕೆಳಗೆ 5 ಮಿ.ಮೀ. ಅದು ನೆಗೆಟಿವ್ ಅಂತೆ. ಹೋದ ವರ್ಷ ಸತ್ತ ಮುದಿ ಹಸುವೂ ನೆಗೆಟಿವ್ ಇತ್ತು. ಆದರೆ ಕೊಯ್ದು ನೋಡಿದಾಗ ಶ್ವಾಸಕೋಶದ ತುಂಬ ಗಂಟು, ಒಳಗೆ ಸುಣ್ಣದಂಥ ಪುಡಿ. ಹೀಗಾದರೆ ಪರೀಕ್ಷೆಯನ್ನು ನಂಬುವುದು ಹೇಗೆ? ಕಪ್ಪು ಹಸುವಿಗೆ ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್ ಕೊಟ್ಟರೆ ಗುಣವಾಗುತ್ತದೆಯೇ?

ಉತ್ತರ: ಕಾಯಿಲೆ ಬಿದ್ದದ್ದು ನೆಗೆಟಿವ್, ಚೆನ್ನಾಗಿರುವುದು ಪಾಸಿಟಿವ್ ಅಂದರೆ ಯಾರಿಗಾದರೂ ಪರೀಕ್ಷೆಯ ಮೇಲೆ ಅನುಮಾನ ಬರುತ್ತದೆ. ನೀವು ಊತದ ಅಳತೆಯನ್ನೂ ಬರೆದು ಕಳಿಸಿದ್ದು ತುಂಬ ಒಳ್ಳೆಯದಾಯಿತು. ಆ ನಾಲ್ಕು ಅಂಕಿಗಳಿಂದಲೇ ಅರ್ಧ ಉತ್ತರ ಸಿಗುತ್ತದೆ.

ಚರ್ಮ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ಹಸುವಿನ ಮೈ ಆ ರೋಗಾಣುವನ್ನು ಮೊದಲೇ ಕಂಡು ಗುರುತು ಇಟ್ಟುಕೊಂಡಿದೆಯೇ, ಈಗ ಅದರ ತುಣುಕು ತೋರಿಸಿದರೆ ಕೆರಳುತ್ತದೆಯೇ ಎಂದಷ್ಟೇ ನೋಡುತ್ತದೆ. ಕಪ್ಪು ಹಸುವಿನ ಮೈ ಗುರುತು ಹಿಡಿದಿದೆ, ಜೋರಾಗಿ ಕೆರಳಿದೆ. ಮುದಿ ಹಸುವಿನ ಮೈ ಕೆರಳಿ ಕೆರಳಿ ಸೋತಿತ್ತು. ಕೆಂಪು ಹಸು ಬಹುಶಃ ಅದೇ ವಂಶದ ಇನ್ನೊಂದು ರೋಗಾಣುವಿನ ಜೊತೆ ಹೋರಾಡುತ್ತಿದೆ. ಇದು ಸರಿಯಾಗಿ ಅರ್ಥವಾಗಬೇಕಾದರೆ ಹಸುವಿನ ಅಂಗಾಂಶದೊಳಗೆ ಏನಾಗುತ್ತದೆ ಎಂದು ನೋಡಬೇಕು. ಸ್ವಲ್ಪ ಉದ್ದವಾಗುತ್ತದೆ, ಆದರೂ ಓದಿ.

ದನಗಳಲ್ಲಿ ಕ್ಷಯ ತರುವುದು ಮೈಕೋಬ್ಯಾಕ್ಟೀರಿಯಂ ಬೋವಿಸ್. ಮನುಷ್ಯರ ಕ್ಷಯದ ರೋಗಾಣುವಿಗೂ ಇದಕ್ಕೂ ವಂಶವಾಹಿಯಲ್ಲಿ ಶೇಕಡಾ 99.95ಕ್ಕಿಂತ ಜಾಸ್ತಿ ಹೋಲಿಕೆ ಇದೆ. ಇದರ ಮೈಮೇಲೆ ಮೇಣದಂಥ ದಪ್ಪ ಹೊದಿಕೆ ಇರುತ್ತದೆ. ಬೆಳವಣಿಗೆ ಬಹಳ ನಿಧಾನ. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾದರೆ ಇದಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಹೊದಿಕೆ ಗಟ್ಟಿ, ನಡೆ ನಿಧಾನ. ಮುಂದೆ ಆಗುವುದಕ್ಕೆಲ್ಲ ಈ ಎರಡು ಗುಣಗಳೇ ಬುನಾದಿ.

ಹಸು ಸಾಮಾನ್ಯವಾಗಿ ಇದನ್ನು ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ. ಬೆರಳೆಣಿಕೆಯಷ್ಟು ರೋಗಾಣು ಸಾಕು. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಕಾವಲಿರುತ್ತವೆ. ಹೊರಗಿನಿಂದ ಬಂದದ್ದನ್ನು ನುಂಗಿ, ಒಂದು ಚೀಲದೊಳಗೆ ಹಾಕಿ, ಆ ಚೀಲಕ್ಕೆ ಆಮ್ಲ ಮತ್ತು ಕಿಣ್ವ ಸುರಿದು ಕರಗಿಸುವುದು ಇವುಗಳ ಕೆಲಸ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕ್ಷಯದ ರೋಗಾಣು ಆ ಚೀಲಕ್ಕೆ ಆಮ್ಲ ಬರದಂತೆ ತಡೆಯುತ್ತದೆ. ಕೆಲವೊಮ್ಮೆ ಚೀಲವನ್ನೇ ತೂತು ಮಾಡುತ್ತದೆ. ಇದಕ್ಕೆ ಬೇಕಾದ ಈಸಾಟ್-6 ಮತ್ತು ಸಿಎಫ್‌ಪಿ-10 ಎಂಬ ಪ್ರೋಟೀನುಗಳನ್ನು ಅದೇ ತಯಾರಿಸಿ ಹೊರಹಾಕುತ್ತದೆ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ. ಕೊಲ್ಲಬೇಕಾದ ಜೀವಕೋಶವೇ ಹೀಗೆ ಅದಕ್ಕೆ ಮನೆಯಾಗುತ್ತದೆ.

ಆದರೆ ಮೈ ಸುಮ್ಮನಿರುವುದಿಲ್ಲ. ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ತುಣುಕುಗಳನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ಅಲ್ಲಿ ಟಿ ಜೀವಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಆ ತುಣುಕನ್ನು ತೋರಿಸುತ್ತವೆ. ಅದಕ್ಕೆ ಹೊಂದುವ ಟಿ ಕೋಶ ಸಿಕ್ಕಿದ ಮೇಲೆ ಅದು ಒಂದು ಹೋಗಿ ಸಾವಿರವಾಗಬೇಕು, ಆಮೇಲೆ ರಕ್ತದಲ್ಲಿ ತಿರುಗಿ ಶ್ವಾಸಕೋಶ ಸೇರಬೇಕು. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯುತ್ತದೆ. ಸೋಂಕು ತಗಲಿದ ಮೊದಲ ಮೂರರಿಂದ ಆರು ವಾರ ಚರ್ಮ ಪರೀಕ್ಷೆ ಏನನ್ನೂ ತೋರಿಸದೇ ಇರಬಹುದು. ಕಾರಣ ಇಷ್ಟೇ, ಇನ್ನೂ ಸೈನ್ಯ ಕಟ್ಟಿ ಮುಗಿದಿರುವುದಿಲ್ಲ.

ಶ್ವಾಸಕೋಶ ಸೇರಿದ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಸುರಿಸುತ್ತವೆ. ಮ್ಯಾಕ್ರೋಫೇಜ್‌ಗೆ ಇದು ಎಚ್ಚರಿಕೆಯ ಕರೆ ಇದ್ದಂತೆ. ಇದು ತಾಗಿದ ಮೇಲೆ ಮ್ಯಾಕ್ರೋಫೇಜ್ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಚೀಲಕ್ಕೆ ಆಮ್ಲ ತುಂಬುವುದಕ್ಕೆ ಮತ್ತೆ ಶುರು ಮಾಡುತ್ತದೆ, ಒಳಗಿದ್ದ ಕೆಲವು ರೋಗಾಣುಗಳನ್ನು ಕೊಲ್ಲುತ್ತದೆ.

ದನಗಳಲ್ಲಿ ಇನ್ನೊಂದು ವಿಶೇಷ ಇದೆ. ಗಾಮಾ ಡೆಲ್ಟಾ ಟಿ ಕೋಶಗಳು ಅಂತ ಒಂದು ಬಗೆ. ಮನುಷ್ಯರ ರಕ್ತದ ಟಿ ಕೋಶಗಳಲ್ಲಿ ಇವು ಸಾಮಾನ್ಯವಾಗಿ ನೂರಕ್ಕೆ ಹತ್ತರೊಳಗೇ ಇರುತ್ತವೆ. ಎಳೆಯ ಕರುಗಳ ರಕ್ತದಲ್ಲಿ ಕೆಲವೊಮ್ಮೆ ಅರ್ಧದಷ್ಟೂ ಇರುತ್ತವೆ. ವಯಸ್ಸಾದಂತೆ ಕಡಿಮೆಯಾಗುತ್ತವೆ. ಸೋಂಕಿನ ಮೊದಮೊದಲ ದಿನಗಳಲ್ಲೇ ಇವು ಗಾಯದ ಜಾಗಕ್ಕೆ ಬಂದು ನಿಲ್ಲುತ್ತವೆ. ಮುಂದೆ ಬರುವ ಟಿ ಕೋಶಗಳು ಯಾವ ಬಗೆಯ ಹೋರಾಟಕ್ಕೆ ಇಳಿಯಬೇಕು ಎಂಬುದನ್ನು ತಿದ್ದುವುದರಲ್ಲಿ ಇವುಗಳ ಕೈವಾಡ ಇದೆ. ಇಲಿ ಮತ್ತು ಮನುಷ್ಯರಲ್ಲಿ ಕಲಿತದ್ದನ್ನು ಹಾಗೇ ಎತ್ತಿ ಹಸುವಿಗೆ ಹಚ್ಚಬಾರದು ಅಂತ ನಾನು ನನ್ನ ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುವುದು ಇದಕ್ಕೇ.

ಈಗ ಗಂಟಿನ ವಿಷಯ. ಮುದಿ ಹಸುವಿನ ಶ್ವಾಸಕೋಶದಲ್ಲಿ ನೀವು ಕಂಡದ್ದನ್ನು ಗ್ರಾನುಲೋಮ ಎನ್ನುತ್ತೇವೆ. ರೋಗಾಣುವನ್ನು ಪೂರ್ತಿ ಕೊಲ್ಲಲಾಗದ ಮೈ ಅದರ ಸುತ್ತ ಗೋಡೆ ಕಟ್ಟುತ್ತದೆ. ಆ ಗೋಡೆಯೇ ಈ ಗಂಟು.

ಗಂಟಲಿನ ಹಿಂದಿನ ದುಗ್ಧಗ್ರಂಥಿಯನ್ನು ನಾನು ಮೇಜಿನ ಮೇಲಿಟ್ಟು ಕತ್ತರಿಸುವಾಗ ಕಣ್ಣಿಗಿಂತ ಮೊದಲು ಕೈಗೇ ಗೊತ್ತಾಗುತ್ತದೆ. ಆರೋಗ್ಯವಾದ ಗ್ರಂಥಿಯೊಳಗೆ ಚಾಕು ಸರಾಗವಾಗಿ ಇಳಿಯುತ್ತದೆ. ಕ್ಷಯ ಬಂದ ಗ್ರಂಥಿಯಲ್ಲಿ ಮೊದಲು ನಾರಿನ ಸಿಪ್ಪೆ ಅಡ್ಡ ಸಿಗುತ್ತದೆ, ಆಮೇಲೆ ಕರಕರ ಅಂತ ಮರಳು ಕೊಯ್ದ ಹಾಗೆ ಸದ್ದು ಬರುತ್ತದೆ. ಬಿಡಿಸಿದರೆ ಒಳಗೆ ತಿಳಿ ಹಳದಿ ಬಣ್ಣದ ಒಣ ಗಟ್ಟಿ. ಒಡೆದ ಹಾಲನ್ನು ಬಸಿದು ಹಿಂಡಿದರೆ ಉಳಿಯುತ್ತದಲ್ಲ, ಹಾಗೆ. ಅದರ ನಡುನಡುವೆ ಸುಣ್ಣದ ಹರಳು. ನೀವು ಕಂಡ ಪುಡಿ ಇದೇ. ಸತ್ತ ಜೀವಕೋಶಗಳ ರಾಶಿಯಲ್ಲಿ ಕ್ಯಾಲ್ಸಿಯಂ ಬಂದು ಕೂತಿರುತ್ತದೆ.

ಅದರ ತೆಳು ಹಾಳೆ ಮಾಡಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟಿನ ವಯಸ್ಸು ಹೇಳಬಹುದು. ರೋಗಶಾಸ್ತ್ರದವರು ಇದನ್ನು ನಾಲ್ಕು ಹಂತ ಮಾಡುತ್ತೇವೆ. ಮೊದಲ ಹಂತದಲ್ಲಿ ಮ್ಯಾಕ್ರೋಫೇಜ್‌ಗಳು ಮೈ ಅಗಲಿಸಿಕೊಂಡು ಒಂದಕ್ಕೊಂದು ಅಂಟಿ ಗುಂಪುಗೂಡಿರುತ್ತವೆ, ನಡುವೆ ಅಲ್ಲೊಂದು ಇಲ್ಲೊಂದು ಲಿಂಫೊಸೈಟ್ (ಟಿ ಕೋಶದಂಥ ಬಿಳಿ ರಕ್ತಕಣ). ಕೆಲವು ಮ್ಯಾಕ್ರೋಫೇಜ್‌ಗಳು ಕೂಡಿ ಒಂದೇ ದೊಡ್ಡ ಕೋಶವಾಗಿರುತ್ತವೆ. ಅದರೊಳಗೆ ಹತ್ತಾರು ಕೋಶಕೇಂದ್ರಗಳು ಅಂಚಿನುದ್ದಕ್ಕೂ ಲಾಳದ ಆಕಾರದಲ್ಲಿ ಸಾಲಾಗಿ ಕೂತಿರುತ್ತವೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಎರಡನೇ ಹಂತಕ್ಕೆ ಸುತ್ತ ತೆಳುವಾದ ನಾರಿನ ಪೊರೆ ಶುರುವಾಗುತ್ತದೆ. ಮೂರನೆಯದರಲ್ಲಿ ಪೊರೆ ಪೂರ್ತಿ ಸುತ್ತಿಕೊಂಡು ನಡುಭಾಗ ಸಾಯತೊಡಗುತ್ತದೆ. ನಾಲ್ಕನೆಯದು ನಿಮ್ಮ ಮುದಿ ಹಸುವಿನಲ್ಲಿ ಇದ್ದದ್ದು: ದಪ್ಪ ಗೋಡೆ, ಹಲವು ಕಡೆ ಸತ್ತ ಅಂಗಾಂಶ, ಸುಣ್ಣ. ಒಂದೇ ಹಸುವಿನ ಒಂದೇ ಗ್ರಂಥಿಯಲ್ಲಿ ಈ ನಾಲ್ಕೂ ಹಂತಗಳು ಅಕ್ಕಪಕ್ಕ ಇರುವುದೂ ಉಂಟು. ಒಂದು ಗಂಟು ಹಳತಾಗುವಷ್ಟರಲ್ಲಿ ಅಲ್ಲಿಂದ ತಪ್ಪಿಸಿಕೊಂಡ ರೋಗಾಣು ಪಕ್ಕದಲ್ಲೇ ಹೊಸದೊಂದನ್ನು ಹುಟ್ಟಿಸಿರುತ್ತದೆ.

ಈ ಗೋಡೆಯೊಳಗೆ ಎರಡು ಕಡೆಯ ಎಳೆದಾಟ ನಿಲ್ಲುವುದೇ ಇಲ್ಲ. ಒಂದು ಕಡೆ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್ ಎಂಬ ಸೈಟೊಕೈನ್‌ಗಳು, ಅಂದರೆ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ವಸ್ತುಗಳು. ಇವು ಹೋರಾಟವನ್ನು ಉರಿಸುತ್ತವೆ, ಗಂಟನ್ನು ಬಿಗಿಯಾಗಿ ಹಿಡಿದಿಡುತ್ತವೆ. ಇನ್ನೊಂದು ಕಡೆ ಇಂಟರ್‌ಲ್ಯೂಕಿನ್-10 ಮತ್ತು ಟಿಜಿಎಫ್ ಬೀಟಾ. ಇವು ಉರಿಯನ್ನು ತಣಿಸುತ್ತವೆ. ನಾರು ಬೆಳೆಸಿ ಗೋಡೆ ಕಟ್ಟಿಸುವುದೂ ಟಿಜಿಎಫ್ ಬೀಟಾ ಕೆಲಸವೇ. ಉರಿ ಕಡಿಮೆಯಾದರೆ ರೋಗಾಣು ಹರಡುತ್ತದೆ. ಜಾಸ್ತಿಯಾದರೆ ಹಸುವಿನ ಸ್ವಂತ ಶ್ವಾಸಕೋಶವೇ ಸುಡುತ್ತದೆ. ಗಂಟಿನ ನಡುವಿನ ಸತ್ತ ಭಾಗವನ್ನು ರೋಗಾಣು ತಿಂದು ಹಾಳು ಮಾಡಿದ್ದಲ್ಲ. ಹೆಚ್ಚಿನ ಪಾಲು ಅದು ಮೈಯ ಹೋರಾಟದಿಂದಲೇ ಆದ ನಷ್ಟ. ರೋಗಾಣುವನ್ನು ಕೆಂಪಾಗಿ ತೋರಿಸುವ ಜೀಲ್ ನೀಲ್ಸನ್ ಬಣ್ಣ ಹಾಕಿ ನೋಡಿದರೆ ಇಷ್ಟು ದೊಡ್ಡ ಗಂಟಿನಲ್ಲಿ ಎಷ್ಟೋ ಸಲ ಒಂದೋ ಎರಡೋ ಕೆಂಪು ಕಡ್ಡಿ ಸಿಗುತ್ತವೆ. ಅದೂ ಅರ್ಧ ಗಂಟೆ ಹುಡುಕಿದ ಮೇಲೆ. ಅಷ್ಟು ಕಡಿಮೆ ರೋಗಾಣು, ಅಷ್ಟು ದೊಡ್ಡ ಹಾನಿ.

ನಿಮ್ಮ ಟಾನಿಕ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪ್ರಯೋಗಕ್ಕಾಗಿ ದನಗಳಿಗೆ ಸೋಂಕು ತಗಲಿಸಿ ನೋಡಿದಾಗ, ಈಸಾಟ್-6 ತೋರಿಸಿದರೆ ಯಾವ ಹಸುವಿನ ರಕ್ತ ಹೆಚ್ಚು ಇಂಟರ್‌ಫೆರಾನ್ ಗಾಮಾ ಸುರಿಸಿತೋ ಆ ಹಸುವಿನೊಳಗೆ ಗಂಟುಗಳೂ ಹೆಚ್ಚಿದ್ದವು. ಇಂಟರ್‌ಫೆರಾನ್ ಇಲ್ಲದೆ ರಕ್ಷಣೆ ಇಲ್ಲ, ಅದು ನಿಜ. ಆದರೆ ಸೋಂಕು ತಗಲಿದ ಮೇಲೆ ಅದರ ಜೋರು ರಕ್ಷಣೆಯ ಅಳತೆಗಿಂತ ಒಳಗಿನ ರೋಗದ ಅಳತೆಯಾಗಿಯೇ ಹೆಚ್ಚು ಸರಿಹೊಂದುತ್ತದೆ. ಕಪ್ಪು ಹಸುವಿನ 14 ಮಿ.ಮೀ. ಊತವನ್ನು ನೋಡಿ ‘ಪರವಾಗಿಲ್ಲ, ಶಕ್ತಿ ಚೆನ್ನಾಗಿದೆ’ ಅಂದುಕೊಳ್ಳಬೇಡಿ. ಆ ಹಸುವಿಗೆ ರೋಗನಿರೋಧಕ ಶಕ್ತಿಯ ಕೊರತೆಯೇ ಇಲ್ಲ. ಬೇಕಾದಷ್ಟು ಕೆರಳಿದೆ.

ಕೆರಳಿಸಿ ಗುಣಪಡಿಸುವ ಯೋಚನೆ ಹೊಸದೇನಲ್ಲ. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದರು. 1890ರಲ್ಲಿ ಆ ರೋಗಾಣುವಿನ ಸಾರದಿಂದ ಮಾಡಿದ ಔಷಧಿಯನ್ನು ಪ್ರಕಟಿಸಿದರು. ಅದೇ ಟ್ಯೂಬರ್ಕ್ಯುಲಿನ್. ರೋಗಿಗಳು ಗುಣವಾಗುತ್ತಾರೆ ಎಂದು ಜಗತ್ತೇ ಸಂಭ್ರಮಿಸಿತು. ಚುಚ್ಚಿಸಿಕೊಂಡ ಎಷ್ಟೋ ಮಂದಿಗೆ ಜೋರು ಜ್ವರ ಬಂತು, ಒಳಗಿನ ಗಂಟುಗಳು ಕೆರಳಿದವು, ಕೆಲವರು ಸತ್ತರು. ಔಷಧಿಯಾಗಿ ಸೋತ ಅದೇ ವಸ್ತು ಇವತ್ತು ನಿಮ್ಮ ಹಸುವಿನ ಕತ್ತಿಗೆ ಪರೀಕ್ಷೆಯಾಗಿ ಬಂದಿದೆ.

ಆ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನೀವು ಕಣ್ಣಾರೆ ನೋಡಿದ್ದೀರಿ. ಕತ್ತಿನಲ್ಲಿ ಎರಡು ಕಡೆ ಕೂದಲು ತೆಗೆದು, ಚರ್ಮದ ದಪ್ಪ ಅಳೆದು, ಮೇಲೆ ಪಕ್ಷಿ ಬಗೆಯ ಟ್ಯೂಬರ್ಕ್ಯುಲಿನ್ (ಪಕ್ಷಿ ಕ್ಷಯದ ರೋಗಾಣುವಿನಿಂದ ಮಾಡಿದ್ದು, ಹೋಲಿಸಿ ನೋಡುವುದಕ್ಕೆ), ಕೆಳಗೆ ದನದ ಬಗೆಯದು, ಚರ್ಮದೊಳಗೇ ಚುಚ್ಚುತ್ತಾರೆ. 72 ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ನೆನಪು ಉಳಿಸಿಕೊಂಡ ಟಿ ಕೋಶಗಳು ಆ ಜಾಗಕ್ಕೆ ಬಂದು, ಸೈಟೊಕೈನ್ ಸುರಿಸಿ, ಮ್ಯಾಕ್ರೋಫೇಜ್‌ಗಳನ್ನು ಕರೆದು ಚರ್ಮ ದಪ್ಪವಾಗುವುದಕ್ಕೆ ಮೂರು ದಿನ ಬೇಕು. ಸಾಮಾನ್ಯ ಲೆಕ್ಕದಲ್ಲಿ ಕೆಳಗಿನ ಊತ ಮೇಲಿನದಕ್ಕಿಂತ 4 ಮಿ.ಮೀ.ಗೂ ಜಾಸ್ತಿ ಇದ್ದರೆ ಪಾಸಿಟಿವ್. ಕಪ್ಪು ಹಸುವಿನಲ್ಲಿ ವ್ಯತ್ಯಾಸ 11. ಅನುಮಾನಕ್ಕೆ ಜಾಗವೇ ಇಲ್ಲ.

ಹೊರಗೆ ಚೆನ್ನಾಗಿ ಕಾಣುತ್ತಿದೆಯಲ್ಲ ಅಂತ ಕೇಳುತ್ತೀರಿ. ಹಸುವಿನ ಶ್ವಾಸಕೋಶ ದೊಡ್ಡದು. ಗಂಟಲ ಹಿಂದೆಯೋ ಎದೆಯೊಳಗಿನ ಗ್ರಂಥಿಯಲ್ಲೋ ಅಡಿಕೆ ಗಾತ್ರದ ಒಂದೆರಡು ಗಂಟು ಇದ್ದರೆ ಅದಕ್ಕೆ ಏನೂ ಅನಿಸುವುದಿಲ್ಲ. ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ. ಕೆಮ್ಮು ಮತ್ತು ಸೊರಗುವಿಕೆ ಬರುವುದು ತೀರಾ ತಡವಾಗಿ. ಅಷ್ಟರೊಳಗೆ ಗಂಟು ಶ್ವಾಸನಾಳಕ್ಕೆ ಒಡೆದುಕೊಂಡರೆ ಪಕ್ಕದಲ್ಲಿ ನಿಂತ ಹಸುವಿಗೆ ಉಸಿರಿನಲ್ಲೇ ಹಂಚುತ್ತದೆ.

ಮುದಿ ಹಸುವಿಗೆ ಬರೋಣ. ರೋಗ ಮೈಯೆಲ್ಲ ಹರಡಿದ ಮೇಲೆ ಟಿ ಕೋಶಗಳು ವರ್ಷಗಟ್ಟಲೆ ಅದೇ ಶತ್ರುವನ್ನು ಕಂಡು ಕಂಡು ದಣಿಯುತ್ತವೆ. ಉರಿ ತಣಿಸುವ ಸೈಟೊಕೈನ್‌ಗಳ ಕೈ ಮೇಲಾಗುತ್ತದೆ. ಇಂಥ ಹಸುವಿಗೆ ಟ್ಯೂಬರ್ಕ್ಯುಲಿನ್ ಚುಚ್ಚಿದರೆ ಚರ್ಮ ಮಿಸುಕುವುದೂ ಇಲ್ಲ. ಇದನ್ನು ಅನರ್ಜಿ ಎನ್ನುತ್ತೇವೆ. ಹಿಂಡಿನಲ್ಲಿ ಅತಿ ಹೆಚ್ಚು ರೋಗಾಣು ಚೆಲ್ಲುವ ಹಸುವೇ ಪರೀಕ್ಷೆಯಲ್ಲಿ ತಪ್ಪಿಸಿಕೊಂಡುಬಿಡುತ್ತದೆ. ಇದು ನನಗೆ ಈ ರೋಗದಲ್ಲಿ ಅತ್ಯಂತ ಸಂಕಟ ಕೊಡುವ ವಿಷಯ. ಆದರೆ ಆ ಹಂತದಲ್ಲಿ ರಕ್ತದಲ್ಲಿ ಪ್ರತಿಕಾಯಗಳು (ರೋಗಾಣುವಿಗೆ ಅಂಟಿಕೊಳ್ಳಲು ಮೈ ತಯಾರಿಸುವ ಪ್ರೋಟೀನುಗಳು) ಏರಿರುತ್ತವೆ, ಆದ್ದರಿಂದ ಪ್ರತಿಕಾಯ ನೋಡುವ ರಕ್ತಪರೀಕ್ಷೆ ಅದನ್ನು ಹಿಡಿಯಬಹುದು. ಕರು ಹಾಕುವ ಆಸುಪಾಸಿನ ದಿನಗಳಲ್ಲೂ ಚರ್ಮದ ಊತ ಕಡಿಮೆಯಾಗುತ್ತದೆ. ಸ್ವಲ್ಪ ದಿನದ ಹಿಂದೆಯಷ್ಟೇ ಒಮ್ಮೆ ಚುಚ್ಚಿದ್ದರೂ ಅಷ್ಟೇ. ಒಟ್ಟಿನಲ್ಲಿ ಸೋಂಕಿರುವ ಹತ್ತು ಹಸುಗಳಲ್ಲಿ ಒಂದೆರಡು ಈ ಪರೀಕ್ಷೆಗೆ ಸಿಗದೇ ಹೋಗುತ್ತವೆ ಎಂದು ಲೆಕ್ಕ ಇಟ್ಟುಕೊಳ್ಳಿ. ಹಾಗಾಗಿ ಇದು ಒಂದು ಹಸುವಿಗಿಂತ ಇಡೀ ಹಿಂಡಿನ ಬಗ್ಗೆ ಚೆನ್ನಾಗಿ ಹೇಳುವ ಪರೀಕ್ಷೆ. ಮುದಿ ಹಸು ಸತ್ತದ್ದು ಹೋದ ವರ್ಷ, ಕಪ್ಪು ಹಸು ಪಾಸಿಟಿವ್ ಬಂದದ್ದು ಈ ವರ್ಷ. ಅವೆರಡನ್ನೂ ಅಕ್ಕಪಕ್ಕ ಕಟ್ಟುತ್ತಿದ್ದಿರಾ? ಉತ್ತರ ಹೌದು ಎಂದಾದರೆ ಸೋಂಕು ಎಲ್ಲಿಂದ ಬಂತು ಎಂಬುದೂ ಗೊತ್ತಾದ ಹಾಗೆ.

ಇನ್ನು ಕೆಂಪು ಹಸು. ಮೇಲೆ 9, ಕೆಳಗೆ 5. ಪಕ್ಷಿ ಬಗೆಯ ಟ್ಯೂಬರ್ಕ್ಯುಲಿನ್‌ಗೆ ಜೋರಾಗಿ ಕೆರಳಿದೆ. ಎಂಟು ತಿಂಗಳ ಭೇದಿಯೂ ಇದೆ. ಮೇವು ಎಂದಿನಂತೆ ತಿನ್ನುತ್ತಿದ್ದರೆ, ಜ್ವರ ಇಲ್ಲದಿದ್ದರೆ, ದವಡೆಯ ಕೆಳಗೆ ನೀರು ತುಂಬಿದ ಹಾಗೆ ಮೆತ್ತಗೆ ಊದಿದ್ದರೆ ನನಗೆ ಮೊದಲು ನೆನಪಾಗುವುದು ಜೋನೀಸ್ ಕಾಯಿಲೆ. ಮೈಕೋಬ್ಯಾಕ್ಟೀರಿಯಂ ಏವಿಯಂ ಪ್ಯಾರಾಟ್ಯೂಬರ್ಕ್ಯುಲೋಸಿಸ್ ಇದಕ್ಕೆ ಕಾರಣ. ಇದು ಪಕ್ಷಿ ಕ್ಷಯದ ರೋಗಾಣುವಿನ ಹತ್ತಿರದ ಸಂಬಂಧಿ, ಅದಕ್ಕೇ ಮೇಲಿನ ಜಾಗ ಊದಿದ್ದು. 1895ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಯೋನೆ (ಕಾಯಿಲೆಗೆ ಜೋನೀಸ್ ಎಂಬ ಹೆಸರು ಇವರಿಂದಲೇ) ಮತ್ತು ಫ್ರಾದಿಂಗ್‌ಹ್ಯಾಮ್ ಇದನ್ನು ಮೊದಲು ವಿವರಿಸಿದಾಗ ಕ್ಷಯದ್ದೇ ಒಂದು ವಿಚಿತ್ರ ರೂಪ ಎಂದುಕೊಂಡಿದ್ದರು.

ಇದರ ದಾರಿ ಬೇರೆ. ಹಸು ಇದನ್ನು ಪಡೆಯುವುದು ಹೆಚ್ಚಾಗಿ ಕರುವಾಗಿದ್ದಾಗ. ಸಗಣಿ ಮೆತ್ತಿದ ಕೆಚ್ಚಲು, ಗಿಣ್ಣು ಹಾಲು, ಕೊಳಕು ನೀರು. ಕೆಲವೊಮ್ಮೆ ಹೊಟ್ಟೆಯೊಳಗಿರುವಾಗಲೇ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಪೇಯರ್ಸ್ ಪ್ಯಾಚ್ ಎಂಬ ಕಾವಲು ತಾಣಗಳಿವೆ. ಅವುಗಳ ಮೇಲಿನ ಎಂ ಕೋಶಗಳು ಕರುಳಿನಲ್ಲಿರುವುದನ್ನು ಸ್ವಲ್ಪ ಸ್ವಲ್ಪ ಒಳಕ್ಕೆ ಸಾಗಿಸಿ ಕೆಳಗಿನ ಮ್ಯಾಕ್ರೋಫೇಜ್‌ಗಳಿಗೆ ತೋರಿಸುತ್ತವೆ. ಈ ಬಾಗಿಲಿನಿಂದಲೇ ರೋಗಾಣು ನುಗ್ಗುತ್ತದೆ. ಆಮೇಲೆ ಎರಡರಿಂದ ಐದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಏನೂ ಗೊತ್ತಾಗುವುದಿಲ್ಲ.

ಆ ವರ್ಷಗಳಲ್ಲಿ ಮೊದಮೊದಲು ಇಂಟರ್‌ಫೆರಾನ್ ಗಾಮಾ ರೋಗಾಣುವನ್ನು ಹಿಡಿತದಲ್ಲಿಡುತ್ತದೆ. ಕ್ರಮೇಣ ಅದು ಕುಗ್ಗಿ ಪ್ರತಿಕಾಯಗಳು ಏರುತ್ತವೆ. ಪ್ರತಿಕಾಯ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ರೋಗಾಣು ಜೀವಕೋಶದೊಳಗೆ ಅಡಗಿರುತ್ತದಲ್ಲ. ನಾವು ಓದುವಾಗ ಇದನ್ನು ಸ್ವಿಚ್ ಒತ್ತಿದ ಹಾಗೆ ಒಂದು ಬಗೆ ಆರಿ ಇನ್ನೊಂದು ಹೊತ್ತಿಕೊಳ್ಳುತ್ತದೆ ಎಂದು ಕಲಿತಿದ್ದೆವು. ನಿಜವಾದ ಹಸುಗಳು ಅಷ್ಟು ಅಚ್ಚುಕಟ್ಟಾಗಿ ನಡೆದುಕೊಳ್ಳುವುದಿಲ್ಲ. ಎರಡೂ ಒಟ್ಟಿಗೇ ಇರುವ ಹಸುಗಳಿವೆ, ಎರಡೂ ಇಲ್ಲದವೂ ಇವೆ. ನಿಮ್ಮ ಕೆಂಪು ಹಸು ಇಷ್ಟು ಸೊರಗಿದ ಮೇಲೂ 9 ಮಿ.ಮೀ. ಊದಿದ್ದರಲ್ಲಿ ವಿಚಿತ್ರವೇನಿಲ್ಲ.

ಈ ಕಾಯಿಲೆಯಲ್ಲಿ ಸತ್ತ ಹಸುವಿನ ಕರುಳನ್ನು ಬಿಚ್ಚಿ ನೀರಿನಲ್ಲಿ ತೊಳೆದು ಹರಡಿದರೆ ನಯವಾಗಿರಬೇಕಾದ ಒಳಪದರ ಮೆದುಳಿನ ಮಡಿಕೆಗಳ ಹಾಗೆ ಅಂಕುಡೊಂಕಾಗಿ ಎದ್ದು ನಿಂತಿರುತ್ತದೆ. ಕೈಯಿಂದ ಎಷ್ಟು ಎಳೆದರೂ ಆ ಮಡಿಕೆ ಮಾಯುವುದಿಲ್ಲ. ಕ್ಷಯದ ಹಾಗೆ ಇಲ್ಲಿ ಗಂಟು, ಸುಣ್ಣ ಸಿಗುವುದು ಅಪರೂಪ. ಮ್ಯಾಕ್ರೋಫೇಜ್‌ಗಳು ಗೋಡೆ ಕಟ್ಟದೆ, ಕರುಳಿನ ಪದರದ ತುಂಬ ಹಾಳೆ ಹಾಸಿದ ಹಾಗೆ ಬಂದು ತುಂಬಿಕೊಂಡಿರುತ್ತವೆ. ಅದೇ ಕೆಂಪು ಬಣ್ಣ ಹಾಕಿ ನೋಡಿದರೆ ಒಂದೊಂದು ಮ್ಯಾಕ್ರೋಫೇಜ್‌ನಲ್ಲೂ ಕೆಂಪು ಕಡ್ಡಿಗಳ ಕಟ್ಟು ಕಟ್ಟು. ಕ್ಷಯದ ಗಂಟಿನಲ್ಲಿ ಒಂದಕ್ಕಾಗಿ ಅರ್ಧ ಗಂಟೆ ಹುಡುಕಿದವರಿಗೆ ಇದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ. ಒಂದೇ ವಂಶದ ಎರಡು ರೋಗಾಣು. ಒಂದರಲ್ಲಿ ಮೈ ಅತಿಯಾಗಿ ಕೆರಳಿ ಅಂಗಾಂಶ ಸುಟ್ಟುಕೊಂಡಿತು, ಇನ್ನೊಂದರಲ್ಲಿ ಕೈಚೆಲ್ಲಿ ಕರುಳನ್ನೇ ಬಿಟ್ಟುಕೊಟ್ಟಿತು.

ತಿಂದರೂ ಸೊರಗುವುದು ಇದರಿಂದಲೇ. ದಪ್ಪಗಾದ ಪದರ ಆಹಾರವನ್ನು ಹೀರುವುದಿಲ್ಲ, ರಕ್ತದ ಪ್ರೋಟೀನ್ ಕರುಳಿಗೆ ಸೋರಿಹೋಗುತ್ತದೆ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ದವಡೆಯ ಕೆಳಗೆ ನೀರು ತುಂಬಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಮೇಲಿನ ಊತ ಜೋನೀಸ್ ಕಾಯಿಲೆಗೆ ಸಾಕ್ಷಿ ಆಗುವುದಿಲ್ಲ. ಮಣ್ಣು ನೀರಿನಲ್ಲಿರುವ ನಿರುಪದ್ರವಿ ಮೈಕೋಬ್ಯಾಕ್ಟೀರಿಯಾಗಳೂ ಹಾಗೆ ಊದಿಸಬಲ್ಲವು. ಇನ್ನೊಂದು, ಕೆಳಗಿನ 5 ಮಿ.ಮೀ.ಯನ್ನೂ ನಾನು ಸುಮ್ನೆ ಬಿಡುವುದಿಲ್ಲ. ಜೋನೀಸ್ ಕಾಯಿಲೆ ಮೇಲಿನ ಊತವನ್ನು ಹೆಚ್ಚಿಸಿ ಅದರ ನೆರಳಿನಲ್ಲಿ ಕ್ಷಯವನ್ನು ಮರೆಮಾಡುವುದುಂಟು. ಪಾಸಿಟಿವ್ ಬಂದ ಹಸು ಇರುವ ಕೊಟ್ಟಿಗೆಯಲ್ಲಿ ಆ ಸಾಧ್ಯತೆಯನ್ನು ಮೊದಲು ತಳ್ಳಿಹಾಕಬೇಕು.

ಅದಕ್ಕೆ ಇಂಟರ್‌ಫೆರಾನ್ ಗಾಮಾ ರಕ್ತಪರೀಕ್ಷೆ ಇದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ರೂಪಿಸಿದ್ದು. ಹಸಿ ರಕ್ತಕ್ಕೆ ಟ್ಯೂಬರ್ಕ್ಯುಲಿನ್ ಬೆರೆಸಿ ಒಂದು ರಾತ್ರಿ ಬೆಚ್ಚಗಿಟ್ಟು, ಟಿ ಕೋಶಗಳು ಎಷ್ಟು ಇಂಟರ್‌ಫೆರಾನ್ ಸುರಿಸಿದವು ಎಂದು ಅಳೆಯುತ್ತಾರೆ. ಟ್ಯೂಬರ್ಕ್ಯುಲಿನ್ ಬದಲು ಈಸಾಟ್-6, ಸಿಎಫ್‌ಪಿ-10 ಬಳಸಿದರೆ ಇನ್ನೂ ಸ್ಪಷ್ಟ, ಏಕೆಂದರೆ ಜೋನೀಸ್ ರೋಗಾಣುವಿನಲ್ಲಿ ಇವೆರಡೂ ಇಲ್ಲ. ಮನುಷ್ಯರಿಗೆ ಕ್ಷಯ ತಡೆಯಲು ಕೊಡುವ ಬಿಸಿಜಿ ಲಸಿಕೆಯಲ್ಲೂ ಇಲ್ಲ. ಬಿಸಿಜಿ ಹುಟ್ಟಿದ್ದೇ ದನದ ಕ್ಷಯದ ರೋಗಾಣುವಿನಿಂದ. ಫ್ರಾನ್ಸಿನ ವಿಜ್ಞಾನಿಗಳಾದ ಕ್ಯಾಲ್ಮೆಟ್ ಮತ್ತು ಗೆರಾ 1908ರಿಂದ 230 ಸಲ ಮರುಬಿತ್ತನೆ ಮಾಡಿ ಅದನ್ನು ಸಾಧುವಾಗಿಸಿ, 1921ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಕೊಟ್ಟರು. ಹಾಗೆ ಮಾಡುವಾಗ ಈ ಪ್ರೋಟೀನುಗಳ ವಂಶವಾಹಿ ತುಣುಕು ಕಳಚಿಹೋಯಿತು. ದನಗಳಿಗೂ ಬಿಸಿಜಿ ಕೊಟ್ಟರೆ ಗಂಟುಗಳು ಕಡಿಮೆಯಾಗುತ್ತವೆ. ಆದರೆ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಮತ್ತು ಲಸಿಕೆ ಪಡೆದ ಹಸು ಮಾಮೂಲಿ ಚರ್ಮ ಪರೀಕ್ಷೆಯಲ್ಲಿ ಪಾಸಿಟಿವ್ ಬರಬಹುದು. ಈಗಾಗಲೇ ಸೋಂಕಿರುವ ಕಪ್ಪು ಹಸುವಿಗೆ ಅದರಿಂದ ಪ್ರಯೋಜನ ಇಲ್ಲ.

ಆಂಟಿಬಯೋಟಿಕ್ ಕೊಟ್ಟು ನೋಡೋಣ ಅಂತಲೂ ಅನಿಸಬಹುದು. ದಯವಿಟ್ಟು ಬೇಡ. ರಕ್ತನಾಳವೇ ಇಲ್ಲದ ಆ ಸತ್ತ ಗಟ್ಟಿಯೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಕೊಡಬೇಕು, ಹಾಲಿನಲ್ಲಿ ಔಷಧಿ ಬರುತ್ತದೆ. ಹಸು ಮೇಲ್ನೋಟಕ್ಕೆ ಸುಧಾರಿಸಿ ಒಳಗೆ ಔಷಧಿಗೆ ಬಗ್ಗದ ರೋಗಾಣು ಬೆಳೆಯುತ್ತದೆ. ಅದು ಮುಂದೆ ಮನೆಯವರಿಗೇ ತಗಲಬಹುದು. ಮನುಷ್ಯರ ಕ್ಷಯಕ್ಕೆ ಕೊಡುವ ಮುಖ್ಯ ಮದ್ದುಗಳಲ್ಲಿ ಒಂದಾದ ಪೈರಾಜಿನಮೈಡ್‌ಗೆ ದನದ ಕ್ಷಯದ ರೋಗಾಣು ಹುಟ್ಟಿನಿಂದಲೇ ಬಗ್ಗುವುದಿಲ್ಲ. ಅದಕ್ಕೆ ಇನ್ನಷ್ಟು ಬಲ ಕೊಡುವುದು ಬೇಡ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಕಪ್ಪು ಹಸುವನ್ನು ಇವತ್ತೇ ಬೇರೆ ಕಡೆ ಕಟ್ಟಿ. ಗಾಳಿ, ನೀರಿನ ತೊಟ್ಟಿ, ಮೇವಿನ ಬಾನಿ ಯಾವುದೂ ಹಂಚಿಕೆ ಬೇಡ. ಕರುಗಳನ್ನು ಅದರಿಂದ ದೂರ ಇಡಿ. ಅದರ ಹಾಲನ್ನು ಯಾರಿಗೂ ಕೊಡಬೇಡಿ, ಕರುವಿಗೂ ಕುಡಿಸಬೇಡಿ. ಉಳಿದ ಹಸುಗಳ ಹಾಲನ್ನು ಉಕ್ಕಿ ಬರುವಂತೆ ಕಾಯಿಸದೆ ಯಾರೂ ಕುಡಿಯಬೇಡಿ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಇಟ್ಟರೂ ಕ್ಷಯದ ರೋಗಾಣು ಸಾಯುತ್ತದೆ, ಕುದಿದರಂತೂ ಸರಿಯೇ. 1901ರಲ್ಲಿ ಕಾಕ್ ಅವರೇ ದನದ ಕ್ಷಯ ಮನುಷ್ಯರಿಗೆ ಅಷ್ಟು ಅಪಾಯವಲ್ಲ ಎಂದಿದ್ದರು. ಆ ಮಾತು ತಪ್ಪು ಎಂದು ಮುಂದೆ ಸಾಬೀತಾಯಿತು. ಮನೆಯಲ್ಲಿ ಯಾರಿಗಾದರೂ ಬಿಡದ ಕೆಮ್ಮು, ಸಂಜೆ ಜ್ವರ, ಕತ್ತಿನಲ್ಲಿ ಗಡ್ಡೆ ಇದ್ದರೆ ವೈದ್ಯರ ಬಳಿ ಹೋಗಿ ‘ನಮ್ಮ ಹಸುವಿಗೆ ಕ್ಷಯ ಇದೆ’ ಎಂದು ಬಾಯಿಬಿಟ್ಟು ಹೇಳಿ. ಕಪ್ಪು ಹಸುವನ್ನು ಮುಂದೆ ಏನು ಮಾಡಬೇಕು ಎಂಬುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು ಇದೆ. ಅದನ್ನು ನಿಮ್ಮ ಸರ್ಕಾರಿ ಪಶುವೈದ್ಯರ ಜೊತೆ ಕೂತು ತೀರ್ಮಾನಿಸಿ. ಮಾರಿ ಕೈತೊಳೆದುಕೊಳ್ಳುವ ಯೋಚನೆ ಮಾತ್ರ ಬೇಡ. ಇನ್ನೊಬ್ಬರ ಕೊಟ್ಟಿಗೆಗೆ ರೋಗ ಕಳಿಸಿದ ಹಾಗಾಗುತ್ತದೆ.

ಉಳಿದ ಹಸುಗಳಿಗೆ ಮತ್ತೆ ಚರ್ಮ ಪರೀಕ್ಷೆ ಮಾಡಿಸಿ. ಆದರೆ ಆತುರ ಬೇಡ. ಕನಿಷ್ಠ 42 ದಿನ ಬಿಡಬೇಕು, 60 ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಚರ್ಮ ಸರಿಯಾಗಿ ಊದುವುದಿಲ್ಲ. ಕೆಂಪು ಹಸುವಿನ ಸಗಣಿಯನ್ನು ಜೋನೀಸ್ ಕಾಯಿಲೆಯ ಪಿಸಿಆರ್ ಪರೀಕ್ಷೆಗೆ (ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆ) ಈಗಲೇ ಕಳಿಸಬಹುದು, ಭೇದಿ ಇರುವಾಗ ರೋಗಾಣು ರಾಶಿ ರಾಶಿ ಬರುತ್ತದೆ. ಪ್ರತಿಕಾಯದ ರಕ್ತಪರೀಕ್ಷೆ ಮಾತ್ರ ಈಗ ಬೇಡ. ಕತ್ತಿಗೆ ಚುಚ್ಚಿದ ಟ್ಯೂಬರ್ಕ್ಯುಲಿನ್‌ನಿಂದಲೇ ಪ್ರತಿಕಾಯ ಏರಿ, ಕಾಯಿಲೆ ಇಲ್ಲದ ಹಸುವೂ ಪಾಸಿಟಿವ್ ಬರಬಹುದು. ಅದಕ್ಕೆ ಎರಡು ಮೂರು ತಿಂಗಳು ಕಾಯಿರಿ.

ಅಷ್ಟರೊಳಗೆ ಕೆಂಪು ಹಸುವಿನ ಸಗಣಿ ಕರುಗಳ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ನೆರಳಿನಲ್ಲಿ ಬಿದ್ದ ಸಗಣಿಯಲ್ಲಿ ಈ ರೋಗಾಣು ವರ್ಷದವರೆಗೂ ಬದುಕಬಲ್ಲದು. ಅದು ಹಾಕಿದ ಕರುಗಳು ಯಾವುವು, ಅದರ ಗಿಣ್ಣು ಹಾಲು ಕುಡಿದವು ಯಾವುವು ಎಂದು ಒಂದು ಪಟ್ಟಿ ಮಾಡಿಡಿ. ಸಗಣಿ ಪರೀಕ್ಷೆ ಪಾಸಿಟಿವ್ ಬಂದರೆ ಮುಂದೆ ನೋಡಬೇಕಾದ್ದು ಆ ಕರುಗಳನ್ನೇ. ಫಲಿತಾಂಶ ಕೈಗೆ ಬಂದಾಗ ಆ ಪಟ್ಟಿಯ ಜೊತೆ ಮತ್ತೆ ಬರೆಯಿರಿ.